ಗಟ್ಟಿಮುಟ್ಟಾಗಿ ಕಾಣುವ ಕುದುರೆಗೆ ರಕ್ತಪರೀಕ್ಷೆ ಏಕೆ? ಉತ್ತರ ಹುಡುಕಿಕೊಟ್ಟ ಲೋಫ್ಲರ್ ಅವರ ಬದುಕು

ಸವಡಿಯಲ್ಲಿರುವ ನಮ್ಮ ಕಾಕಾ ಕಳಿಸಿದ ಒಂದು ವಾಯ್ಸ್ ಮೆಸೇಜ್‌ನಿಂದ ಈ ಲೇಖನ ಶುರುವಾಯಿತು. ರೋಣದ ಕಡೆಯ ಎರೆಹೊಲಗಳಲ್ಲಿ ಜೋಳ, ಕಡಲೆ ಕಿತ್ತ ಮೇಲೆ ಕುರಿಗಾರರು ಹಿಂಡು ತಂದು ನಿಲ್ಲಿಸುವುದು ಹಳೆಯ ರೂಢಿ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಹಿಂಡಿನ ಜೊತೆ ಕುದುರೆಗಳೂ ಬರುತ್ತವೆ. ಗುಡಾರ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಎಳೆಮರಿ ಎಲ್ಲವೂ ಅವುಗಳ ಬೆನ್ನ ಮೇಲೆಯೇ ಊರೂರು ಸುತ್ತುತ್ತವೆ.

ಕಾಕಾ ಅವರ ಹೊಲದಲ್ಲಿ ಕುರಿ ನಿಲ್ಲಿಸಿದವರ ಕುದುರೆಯ ರಕ್ತ ತೆಗೆಯಲು ಪಶುವೈದ್ಯರು ಬರುವವರಿದ್ದರು. ಅಷ್ಟರಲ್ಲೇ ಊರಿನ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಹರಿದಾಡಿತ್ತು. ಚೆನ್ನಾಗಿ ಮೇಯುವ, ಓಡಾಡುವ ಕುದುರೆಗೆ ಪರೀಕ್ಷೆಯೇ ಬೇಡ, ಸೂಜಿ ಚುಚ್ಚಿದರೆ ಇಲ್ಲದ ರೋಗ ಅಂಟುತ್ತದೆ, ಆಮೇಲೆ ರೋಗ ಇದೆ ಅಂತ ಹೇಳಿ ಕುದುರೆಯನ್ನು ಕೊಲ್ಲುತ್ತಾರೆ ಎಂಬುದು ಅದರ ಸಾರಾಂಶ. ಕುರಿಗಾರರು ಹೆದರಿದ್ದರು. ರಕ್ತ ಕೊಡಬೇಕೋ, ರಾತ್ರೋರಾತ್ರಿ ಹಿಂಡು ಹೊಡೆದುಕೊಂಡು ಮುಂದಿನ ಊರಿಗೆ ಹೋಗಬೇಕೋ ಎಂದು ಕಾಕಾ ನಮ್ಮನ್ನು ಕೇಳಿದ್ದರು.

ಈ ಹೆದರಿಕೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅಲೆಮಾರಿ ಕುಟುಂಬಕ್ಕೆ ಕುದುರೆ ಹೋದರೆ ಮನೆ ಹೊರುವ ಹೆಗಲೇ ಹೋದಂತೆ. ಫಾರ್ವರ್ಡ್‌ನಲ್ಲಿ ಒಂದು ಅಂಶ ನಿಜವೂ ಹೌದು. ಗ್ಲ್ಯಾಂಡರ್ಸ್ ಎಂಬ ರೋಗ ದೃಢಪಟ್ಟರೆ ಕಾನೂನಿನ ಪ್ರಕಾರ ಆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ. ಹಾಗಿರುವಾಗ, ಚೆನ್ನಾಗಿರುವ ಪ್ರಾಣಿಯನ್ನು ಅನುಮಾನಿಸುವ ಹಕ್ಕು ವಿಜ್ಞಾನಕ್ಕೆ ಎಲ್ಲಿಂದ ಬಂತು ಎಂದು ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಬೇಕಾದರೆ 140 ವರ್ಷ ಹಿಂದೆ ಹೋಗಿ, ಜರ್ಮನಿಯ ಒಬ್ಬ ಮಿಲಿಟರಿ ಡಾಕ್ಟರ ಬದುಕನ್ನು ನೋಡಬೇಕು. ಅವರ ಹೆಸರು ಫ್ರೀಡ್ರಿಶ್ ಲೋಫ್ಲರ್.

ಸೈನ್ಯದ ಡಾಕ್ಟರ ಮಗ

ಲೋಫ್ಲರ್ ಹುಟ್ಟಿದ್ದು 1852ರ ಜೂನ್ 24ರಂದು, ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ. ಜರ್ಮನಿಯಲ್ಲಿ ಈ ಹೆಸರಿನ ಎರಡು ಊರುಗಳಿವೆ, ಇದು ಅವುಗಳಲ್ಲಿ ಚಿಕ್ಕದು. ತಂದೆ ಸೈನ್ಯದಲ್ಲಿ ವೈದ್ಯರು. ಮಗನೂ ಅದೇ ದಾರಿ ಹಿಡಿದರು. 1870ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾದಾಗ ಇನ್ನೂ ವಿದ್ಯಾರ್ಥಿಯಾಗಿದ್ದ ಅವರು ಸೈನ್ಯದ ಆಸ್ಪತ್ರೆಯಲ್ಲಿ ಸಹಾಯಕರಾಗಿ ದುಡಿದರು. 1874ರಲ್ಲಿ ವೈದ್ಯ ಪದವಿ ಪಡೆದು ಸೈನ್ಯದ ಡಾಕ್ಟರ್ ಆದರು.

ಆಗಿನ ಸೈನ್ಯ ನಿಂತಿದ್ದು ಕುದುರೆಗಳ ಮೇಲೆ. ಫಿರಂಗಿ ಎಳೆಯಲು, ಸಾಮಾನು ಸಾಗಿಸಲು, ಸವಾರಿಗೆ, ಎಲ್ಲದಕ್ಕೂ ಕುದುರೆಯೇ ಬೇಕು. ನೂರಾರು ಕುದುರೆಗಳನ್ನು ಒಂದೇ ಲಾಯದಲ್ಲಿ ಕಟ್ಟುತ್ತಿದ್ದರು. ಒಂದೇ ತೊಟ್ಟಿಯಲ್ಲಿ ನೀರು, ಒಂದೇ ಗೋದಲಿಯಲ್ಲಿ ಮೇವು. ಇಂಥ ಲಾಯಗಳಿಗೆ ದೊಡ್ಡ ಶತ್ರು ಗ್ಲ್ಯಾಂಡರ್ಸ್. ಮೂಗಿನಿಂದ ಅಂಟಂಟಾದ ಹಳದಿ ಸಿಂಬಳ, ಮೂಗಿನೊಳಗೆ ಹುಣ್ಣು, ದವಡೆಯ ಕೆಳಗೆ ಗಡ್ಡೆ, ಶ್ವಾಸಕೋಶದಲ್ಲಿ ಗಂಟುಗಳು, ಕೆಲವಕ್ಕೆ ಚರ್ಮದ ಮೇಲೂ ಸಾಲುಸಾಲಾಗಿ ಹುಣ್ಣು. ಕತ್ತೆ, ಹೇಸರಗತ್ತೆಗಳಿಗೆ ಬಂದರೆ ಕೆಲವೇ ದಿನಗಳಲ್ಲಿ ಸಾವು. ಮನುಷ್ಯರಿಗೂ ಅಂಟಬಲ್ಲದು, ಚಿಕಿತ್ಸೆ ಸಿಗದಿದ್ದರೆ ಬಹುಪಾಲು ಸಾವೇ.

ಕುದುರೆಯಲ್ಲಿ ಮಾತ್ರ ಈ ರೋಗ ಬೇರೆ ವೇಷ ಹಾಕುತ್ತದೆ. ಬಹಳ ಸಲ ಅದು ನಿಧಾನವಾಗಿ ಬೆಳೆಯುತ್ತದೆ. ಶ್ವಾಸಕೋಶದೊಳಗಿನ ಗಂಟುಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿ ಕೂರುತ್ತದೆ. ಹೊರಗೆ ಕುದುರೆ ಮೇಯುತ್ತದೆ, ಓಡುತ್ತದೆ, ಮೈ ಮಿರಿಮಿರಿ ಮಿಂಚುತ್ತದೆ. ಜಾಸ್ತಿ ದುಡಿಸಿದಾಗ, ಮೇವು ಕಡಿಮೆಯಾದಾಗ, ದೂರ ಪ್ರಯಾಣ ಮಾಡಿಸಿದಾಗ ಒಳಗಿನ ರೋಗ ಎದ್ದು ಹೊರಬರುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಕಟ್ಟಿದ ಕುದುರೆಗಳಿಗೂ ಅದು ದಾಟಿರಬಹುದು. ಎಲ್ಲವೂ ಚೆನ್ನಾಗಿ ಕಾಣುತ್ತಿದ್ದ ಲಾಯದಲ್ಲಿ ರೋಗ ಎಲ್ಲಿಂದ ಬಂತೆಂದು ಆಗ ಯಾರಿಗೂ ಹೊಳೆಯುತ್ತಿರಲಿಲ್ಲ.

1882: ಶತ್ರುವಿನ ಮುಖ ಕಂಡಿತು

1879ರಲ್ಲಿ ಲೋಫ್ಲರ್ ಅವರನ್ನು ಬರ್ಲಿನ್‌ನ ಸರ್ಕಾರಿ ಆರೋಗ್ಯ ಕಚೇರಿಗೆ ಕಳಿಸಲಾಯಿತು. ಮರುವರ್ಷ ಅಲ್ಲಿಗೆ ರಾಬರ್ಟ್ ಕೋಖ್ ಬಂದರು. ಮುಂದೆ ಕ್ಷಯರೋಗದ ಬ್ಯಾಕ್ಟೀರಿಯಾ ಪತ್ತೆ ಹಚ್ಚಿ ಜಗತ್ಪ್ರಸಿದ್ಧರಾದವರು ಇವರೇ. ಲೋಫ್ಲರ್ ಮತ್ತು ಗಾಫ್ಕಿ ಎಂಬ ಇನ್ನೊಬ್ಬ ಯುವ ವೈದ್ಯರು ಕೋಖ್ ಅವರ ಎಡಗೈ ಬಲಗೈಯಂತೆ ಕೆಲಸ ಮಾಡಿದರು.

1882ರ ಮಾರ್ಚ್‌ನಲ್ಲಿ ಕೋಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿಗೆ ತೋರಿಸಿದರು. ಅದೇ ವರ್ಷದ ಕೊನೆಯ ಹೊತ್ತಿಗೆ ಲೋಫ್ಲರ್, ಬರ್ಲಿನ್ ಪಶುವೈದ್ಯ ಶಾಲೆಯ ವಿಲ್‌ಹೆಲ್ಮ್ ಶ್ಯೂಟ್ಸ್ ಅವರ ಜೊತೆ ಸೇರಿ ಗ್ಲ್ಯಾಂಡರ್ಸ್ ಬ್ಯಾಕ್ಟೀರಿಯಾವನ್ನು ಹಿಡಿದರು. ರೋಗದಿಂದ ಸತ್ತ ಕುದುರೆಯ ಅಂಗಗಳಲ್ಲಿದ್ದ ಗಂಟುಗಳಿಂದ ಒಂದಿಷ್ಟು ತೆಗೆದು, ಗಟ್ಟಿಯಾಗಿಸಿದ ರಕ್ತದ ಸೀರಮ್ ಮೇಲೆ ಬೆಳೆಸಿದರು. ಬೆಳೆದದ್ದನ್ನು ಮತ್ತೊಂದು ನಳಿಕೆಗೆ, ಅದರಿಂದ ಇನ್ನೊಂದಕ್ಕೆ ದಾಟಿಸುತ್ತ, ಬೇರೆ ಯಾವ ಜೀವಾಣುವೂ ಬೆರೆಯದ ಶುದ್ಧ ಬೆಳೆ ಪಡೆದರು. ಅದನ್ನು ಪ್ರಾಣಿಗಳಿಗೆ, ಕೊನೆಗೆ ಕುದುರೆಗೂ ಚುಚ್ಚಿದಾಗ ಅದೇ ರೋಗ ಬಂತು. ಇಂದು ಆ ಬ್ಯಾಕ್ಟೀರಿಯಾವನ್ನು ಬರ್ಕ್‌ಹೋಲ್ಡೇರಿಯಾ ಮ್ಯಾಲಿಯೈ ಎಂದು ಕರೆಯುತ್ತಾರೆ.

ಕೆಟ್ಟ ಗಾಳಿಯಿಂದಲೋ, ಕೊಳೆತ ಮೇವಿನಿಂದಲೋ ಗ್ಲ್ಯಾಂಡರ್ಸ್ ತಾನಾಗಿಯೇ ಹುಟ್ಟುತ್ತದೆ ಎಂದು ನಂಬಿದವರು ಆಗ ಬಹಳ ಜನ ಇದ್ದರು. ಈ ಪ್ರಯೋಗದ ನಂತರ ಆ ನಂಬಿಕೆ ನಿಲ್ಲಲಿಲ್ಲ. ಬ್ಯಾಕ್ಟೀರಿಯಾ ಒಳಗೆ ಹೋದರೆ ಮಾತ್ರ ರೋಗ. ಹಾಗಾದರೆ ಮುಂದಿನ ಪ್ರಶ್ನೆ: ಬ್ಯಾಕ್ಟೀರಿಯಾ ಒಳಗಿದ್ದೂ ಪ್ರಾಣಿ ಚೆನ್ನಾಗಿಯೇ ಕಾಣಬಹುದೇ?

ಲೆಕ್ಕಕ್ಕೆ ಸಿಗದ ಒಂದು ಮಗು

ಈ ಪ್ರಶ್ನೆಗೆ ಲೋಫ್ಲರ್ ಅವರಿಗೆ ಮೊದಲ ಸುಳಿವು ಸಿಕ್ಕಿದ್ದು ಕುದುರೆಯಲ್ಲಿ ಅಲ್ಲ, ಮಕ್ಕಳ ಗಂಟಲಿನಲ್ಲಿ.

ಆ ಕಾಲದಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಯುರೋಪಿನ ಮಕ್ಕಳನ್ನು ಗುಂಪುಗುಂಪಾಗಿ ಕೊಲ್ಲುತ್ತಿತ್ತು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರೇ ನಿಲ್ಲುತ್ತಿತ್ತು. ಆ ಪೊರೆಯಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಇರುವುದನ್ನು ಎಡ್ವಿನ್ ಕ್ಲೆಬ್ಸ್ 1883ರಲ್ಲಿ ಗಮನಿಸಿದ್ದರು. ಅದನ್ನು ಬೇರ್ಪಡಿಸಿ ಬೆಳೆಸಿದವರು ಲೋಫ್ಲರ್, 1884ರಲ್ಲಿ. ಅದಕ್ಕಾಗಿ ಅವರು ಸಿದ್ಧಪಡಿಸಿದ ಸೀರಮ್ ಮಾಧ್ಯಮ ಇವತ್ತಿಗೂ ಲೋಫ್ಲರ್ ಹೆಸರಿನಲ್ಲೇ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿದೆ.

ಒಂದು ಜೀವಾಣುವೇ ಒಂದು ರೋಗಕ್ಕೆ ಕಾರಣ ಎಂದು ಹೇಳಬೇಕಾದರೆ ಮೂರು ಷರತ್ತು ಪೂರೈಸಬೇಕು ಎಂದು ಲೋಫ್ಲರ್ ಸ್ಪಷ್ಟವಾಗಿ ಬರೆದಿಟ್ಟರು. ಆ ಜೀವಾಣು ರೋಗಿಗಳಲ್ಲಿ ಯಾವಾಗಲೂ ಸಿಗಬೇಕು. ಅದನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಲು ಬರಬೇಕು. ಹಾಗೆ ಬೆಳೆಸಿದ್ದನ್ನು ಪ್ರಾಣಿಗೆ ಕೊಟ್ಟಾಗ ಅದೇ ರೋಗ ಬರಬೇಕು. ಇಂದು ನಾವು ಇವನ್ನು ಕೋಖ್ ಅವರ ನಿಯಮಗಳು ಎಂದು ಓದುತ್ತೇವೆ.

ಇಷ್ಟು ಕಟ್ಟುನಿಟ್ಟಿನ ಮನುಷ್ಯನ ಮುಂದೆ ಒಂದು ಸಮಸ್ಯೆ ಬಂದು ನಿಂತಿತು. ರೋಗವಿಲ್ಲದ ಮಕ್ಕಳ ಗಂಟಲನ್ನೂ ಅವರು ಪರೀಕ್ಷಿಸಿದ್ದರು. ಅವರಲ್ಲಿ ಒಂದು ಮಗುವಿನ ಗಂಟಲಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಮಗುವಿಗೆ ಜ್ವರ ಇಲ್ಲ, ಪೊರೆ ಇಲ್ಲ, ನೋವಿಲ್ಲ.

ತಾವು ಗೆಲ್ಲುವ ಹೊತ್ತಿನಲ್ಲಿ ಇಂಥ ಒಂದು ಮಗುವನ್ನು ಲೆಕ್ಕದಿಂದ ಬಿಟ್ಟುಬಿಡುವುದು ಸುಲಭವಿತ್ತು. ಲೋಫ್ಲರ್ ಬಿಡಲಿಲ್ಲ. ಅದನ್ನೂ, ಹೊಂದಿಕೆಯಾಗದ ಇನ್ನೂ ಕೆಲವು ಸಂಗತಿಗಳನ್ನೂ ವರದಿಯಲ್ಲಿ ಬರೆದು, ಈ ಬ್ಯಾಕ್ಟೀರಿಯಾವೇ ಕಾರಣ ಎನ್ನಲು ಪೂರ್ತಿ ಪುರಾವೆ ಇನ್ನೂ ಸಿಕ್ಕಿಲ್ಲ ಎಂದು ಒಪ್ಪಿಕೊಂಡರು. ಬ್ಯಾಕ್ಟೀರಿಯಾ ಗಂಟಲಲ್ಲೇ ಉಳಿದರೂ ದೂರದ ಅಂಗಗಳು ಕೆಡುವುದನ್ನು ಕಂಡು, ಅದು ವಿಷ ಉತ್ಪಾದಿಸುತ್ತಿರಬೇಕು ಎಂದೂ ಊಹಿಸಿದರು. ಮುಂದೆ ಪ್ಯಾರಿಸ್‌ನಲ್ಲಿ ರೂ ಮತ್ತು ಯೆರ್ಸಿನ್ ಆ ವಿಷವನ್ನು ಹಿಡಿದಾಗ ಊಹೆ ನಿಜವಾಯಿತು.

ಆ ಮಗುವಿನ ಗುಟ್ಟೂ ಕಾಲಕ್ರಮೇಣ ಬಯಲಾಯಿತು. ರೋಗವಿಲ್ಲದೆಯೇ ರೋಗಾಣುವನ್ನು ಹೊತ್ತು ತಿರುಗುವವರು ಇರುತ್ತಾರೆ. ಇವರನ್ನು ಈಗ ವಾಹಕರು ಎನ್ನುತ್ತೇವೆ. ಕೋವಿಡ್ ಕಾಲದಲ್ಲಿ ಲಕ್ಷಣವಿಲ್ಲದೆ ಪಾಸಿಟಿವ್ ಬಂದವರನ್ನು ನೀವೂ ನೋಡಿದ್ದೀರಿ. ಚೆನ್ನಾಗಿ ಕಾಣುವುದು ಬೇರೆ, ಸೋಂಕು ಇಲ್ಲದಿರುವುದು ಬೇರೆ.

ಒಳಗಿನದನ್ನು ಹೊರಗೆ ತೋರಿಸಿದ ಮ್ಯಾಲಿನ್

ಲೋಫ್ಲರ್ ಬ್ಯಾಕ್ಟೀರಿಯಾ ಹಿಡಿದುಕೊಟ್ಟ ಮೇಲೆ, ಅದನ್ನೇ ಬಳಸಿ ಅಡಗಿದ ರೋಗ ಪತ್ತೆ ಮಾಡುವ ಉಪಾಯ ಕಂಡವರು ಇಬ್ಬರು ಪಶುವೈದ್ಯರು, ಹೆಲ್ಮನ್ ಮತ್ತು ಕಾಲ್ನಿಂಗ್. ರಷ್ಯಾ ಸಾಮ್ರಾಜ್ಯದ ಎರಡು ಬೇರೆ ಬೇರೆ ಊರುಗಳಲ್ಲಿದ್ದ ಇವರು 1890ರ ಸುಮಾರಿಗೆ ಮ್ಯಾಲಿನ್ ಎಂಬ ದ್ರವ ತಯಾರಿಸಿದರು. ಬ್ಯಾಕ್ಟೀರಿಯಾ ಬೆಳೆಸಿ, ಕಾಯಿಸಿ ಕೊಂದು, ಸೋಸಿ ತೆಗೆದ ಸಾರವಿದು. ಸೋಂಕಿಲ್ಲದ ಕುದುರೆಗೆ ಚುಚ್ಚಿದರೆ ಹೇಳಿಕೊಳ್ಳುವಂಥದ್ದೇನೂ ಆಗದು. ಒಳಗೆ ಸೋಂಕಿದ್ದರೆ ಅದರ ದೇಹ ಈಗಾಗಲೇ ಆ ಬ್ಯಾಕ್ಟೀರಿಯಾವನ್ನು ಗುರುತಿಸಲು ಕಲಿತಿರುತ್ತದೆ. ಹಾಗಾಗಿ ಜ್ವರ ಏರುತ್ತದೆ. ಕಣ್ಣಿನ ಕೆಳರೆಪ್ಪೆಗೆ ಚುಚ್ಚಿದ್ದರೆ ಒಂದೆರಡು ದಿನದಲ್ಲಿ ರೆಪ್ಪೆ ಊದಿ ಕೀವು ಸೋರುತ್ತದೆ.

ಇಲ್ಲಿ ಗಮನಿಸಿ: ಮ್ಯಾಲಿನ್‌ನಲ್ಲಿ ಜೀವಂತ ಬ್ಯಾಕ್ಟೀರಿಯಾ ಇಲ್ಲ. ಅದರಿಂದ ಗ್ಲ್ಯಾಂಡರ್ಸ್ ಬರಲು ಸಾಧ್ಯವಿಲ್ಲ. ಆದರೆ ಅದನ್ನು ತಯಾರಿಸಲು ಜೀವಂತ ಬ್ಯಾಕ್ಟೀರಿಯಾ ಜೊತೆ ಹೆಣಗಿದ ಕಾಲ್ನಿಂಗ್ ಅವರಿಗೆ ಸೋಂಕು ತಗುಲಿತು, ಅವರು ಅದರಿಂದಲೇ ತೀರಿಕೊಂಡರು. ಚೆನ್ನಾಗಿ ಕಾಣುವ ಕುದುರೆಯೊಳಗೆ ಇಣುಕುವ ಈ ಪರೀಕ್ಷೆಗೆ ಒಂದು ಪ್ರಾಣದ ಬೆಲೆ ತೆತ್ತಿದ್ದೇವೆ.

ಸೈನ್ಯಗಳು ಲಾಯಕ್ಕೆ ಸೇರಿಸುವ ಮುನ್ನವೇ ಕುದುರೆಗಳಿಗೆ ಮ್ಯಾಲಿನ್ ಪರೀಕ್ಷೆ ಮಾಡಿಸತೊಡಗಿದವು. ನಮ್ಮ ದೇಶದಲ್ಲಿ 1899ರಲ್ಲೇ ಗ್ಲ್ಯಾಂಡರ್ಸ್ ತಡೆಗೆ ಪ್ರತ್ಯೇಕ ಕಾಯ್ದೆ ಬಂತು. ಪರೀಕ್ಷಿಸು, ಬೇರ್ಪಡಿಸು, ದೃಢಪಟ್ಟದ್ದನ್ನು ಕೊನೆಗಾಣಿಸು ಎಂಬ ಕ್ರಮದಿಂದ ಪಶ್ಚಿಮ ಯುರೋಪ್, ಉತ್ತರ ಅಮೆರಿಕದ ಹಲವು ದೇಶಗಳು ಈ ರೋಗವನ್ನು ಪೂರ್ತಿ ಓಡಿಸಿದವು. ಲಸಿಕೆಯಿಂದ ಅಲ್ಲ. ಗ್ಲ್ಯಾಂಡರ್ಸ್‌ಗೆ ಇಂದಿಗೂ ಲಸಿಕೆ ಇಲ್ಲ.

ನಮ್ಮ ಕೊಟ್ಟಿಗೆಗೂ ಬಂದ ಲೋಫ್ಲರ್

1888ರಲ್ಲಿ ಲೋಫ್ಲರ್ ಬಾಲ್ಟಿಕ್ ಸಮುದ್ರದ ಹತ್ತಿರದ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಒಂದು ತಪ್ಪು ಹೆಜ್ಜೆಯನ್ನೂ ಇಟ್ಟರು. ಇಲಿಗಳನ್ನು ಕೊಲ್ಲುವ ಒಂದು ಬ್ಯಾಕ್ಟೀರಿಯಾ ಅವರಿಗೆ ಸಿಕ್ಕಿತ್ತು. 1892ರಲ್ಲಿ ಗ್ರೀಸಿನ ಥೆಸಲಿಯಲ್ಲಿ ಹೊಲದಿಲಿಗಳ ಕಾಟ ಮಿತಿಮೀರಿದಾಗ, ಆ ಬ್ಯಾಕ್ಟೀರಿಯಾದಲ್ಲಿ ನೆನೆಸಿದ ಬ್ರೆಡ್ ತುಂಡುಗಳನ್ನು ಹೊಲಗಳಲ್ಲಿ ಹಾಕಿಸಿದರು. ಮನುಷ್ಯರಿಗೆ ಏನೂ ಆಗದು ಎಂದು ಅವರು ನಂಬಿದ್ದರು. ಮುಂದೆ ಗೊತ್ತಾಯಿತು, ಅದು ಮನುಷ್ಯರ ಹೊಟ್ಟೆಯನ್ನೂ ಕೆಡಿಸುವ ಸಾಲ್ಮೊನೆಲ್ಲಾ ಜಾತಿಯದು. ಒಂದು ಮಗುವಿನ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದವರೂ ಇಲ್ಲಿ ಎಡವಿದರು. ದೊಡ್ಡ ವಿಜ್ಞಾನಿ ಹೇಳಿದ್ದೆಲ್ಲ ಸರಿ ಎನ್ನುವಂತಿಲ್ಲ, ಪುರಾವೆಯನ್ನೇ ನೋಡಬೇಕು.

ನಮ್ಮ ರೈತರಿಗೆ ಅವರು ಹತ್ತಿರವಾಗುವುದು ಕಾಲುಬಾಯಿ ಬೇನೆಯಿಂದ. 1898ರಲ್ಲಿ ಪಾಲ್ ಫ್ರಾಶ್ ಅವರ ಜೊತೆ ಸೇರಿ, ಬೇನೆ ಬಿದ್ದ ದನದ ಬಾಯಿಯ ಬೊಕ್ಕೆಯ ನೀರನ್ನು ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿದರು. ಸೋಸಿದ ನೀರನ್ನು ಕರುಗಳಿಗೆ ಕೊಟ್ಟರೂ ಬೇನೆ ಬಂತು. ಒಂದು ಕರುವಿನಿಂದ ಮತ್ತೊಂದಕ್ಕೆ ದಾಟಿಸಿದರೂ ಅದರ ಬಲ ಕುಗ್ಗಲಿಲ್ಲ. ಹಾಗಾದರೆ ಅದು ಬರೀ ವಿಷವಲ್ಲ, ಬ್ಯಾಕ್ಟೀರಿಯಾಗಿಂತ ಚಿಕ್ಕದಾದ, ಬೆಳೆಯುವ ಏನೋ ಒಂದು. ಪ್ರಾಣಿಗಳಿಗೆ ರೋಗ ತರುವ ವೈರಸ್ ಮೊದಲ ಬಾರಿಗೆ ಪತ್ತೆಯಾದದ್ದು ಹೀಗೆ. ಇಂದು ನಮ್ಮ ಎತ್ತು, ಆಕಳು, ಎಮ್ಮೆಗಳಿಗೆ ಹಾಕಿಸುವ ಕಾಲುಬಾಯಿ ಲಸಿಕೆಯ ಹಿಂದೆ ಈ ಪ್ರಯೋಗವಿದೆ. ಅಂದಹಾಗೆ, ಕುದುರೆಗೆ ಕಾಲುಬಾಯಿ ಬೇನೆ ಬರುವುದಿಲ್ಲ.

ಈ ವೈರಸ್ ಎಷ್ಟು ಸುಲಭವಾಗಿ ಹರಡುತ್ತದೆಂದರೆ, ಊರ ನಡುವೆ ಪ್ರಯೋಗ ನಡೆಸುವುದೇ ಅಪಾಯವಾಯಿತು. ಕೊನೆಗೆ 1910ರಲ್ಲಿ ರೀಮ್ಸ್ ಎಂಬ ಪುಟ್ಟ ದ್ವೀಪಕ್ಕೆ ಕೆಲಸ ಸ್ಥಳಾಂತರವಾಯಿತು. ಅದೇ ದ್ವೀಪದಲ್ಲಿ ಇಂದು ಜರ್ಮನಿಯ ಪ್ರಾಣಿ ಆರೋಗ್ಯ ಸಂಶೋಧನಾ ಸಂಸ್ಥೆ ಲೋಫ್ಲರ್ ಅವರ ಹೆಸರಿನಲ್ಲೇ ನಡೆಯುತ್ತಿದೆ.

1913ರಲ್ಲಿ ಅವರು ಬರ್ಲಿನ್‌ನಲ್ಲಿ ಕೋಖ್ ಕಟ್ಟಿದ ಸಂಸ್ಥೆಯ ನಿರ್ದೇಶಕರಾದರು. ಮರುವರ್ಷ ಮೊದಲ ಮಹಾಯುದ್ಧ. 62 ವರ್ಷದ ಅವರು ಮತ್ತೆ ಸೈನ್ಯದ ಆರೋಗ್ಯ ಕೆಲಸಕ್ಕೆ ಇಳಿದರು. 1915ರ ಏಪ್ರಿಲ್ 9ರಂದು ತೀರಿಕೊಂಡರು. ನೊಬೆಲ್ ಅವರಿಗೆ ಸಿಗಲಿಲ್ಲ. ಅದೇ ವರ್ಷ, ಜರ್ಮನಿಯ ಗೂಢಚಾರ ಆಂಟನ್ ಡಿಲ್ಗರ್ ಅಮೆರಿಕದ ವಾಷಿಂಗ್ಟನ್ ಬಳಿಯ ಮನೆಯೊಂದರಲ್ಲಿ ಗ್ಲ್ಯಾಂಡರ್ಸ್ ಬ್ಯಾಕ್ಟೀರಿಯಾ ಬೆಳೆಸತೊಡಗಿದ್ದ. ಶತ್ರು ದೇಶಗಳಿಗೆ ಹಡಗು ಹತ್ತಲಿದ್ದ ಕುದುರೆಗಳಿಗೆ ಅದನ್ನು ಅಂಟಿಸುವುದು ಉದ್ದೇಶ. ರೋಗ ತಡೆಯಲು ಹುಡುಕಿದ ಜೀವಾಣುವನ್ನೇ ಆಯುಧ ಮಾಡಿಕೊಳ್ಳಲಾಯಿತು.

ಈಗ ಪರೀಕ್ಷೆ ಹೇಗೆ ನಡೆಯುತ್ತದೆ?

ಗ್ಲ್ಯಾಂಡರ್ಸ್ ಹಳೆಯ ಕಥೆಯಲ್ಲ. ಬಹಳ ವರ್ಷ ತಣ್ಣಗಿದ್ದು 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ತಲೆ ಎತ್ತಿತು. ಆಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ಕಾಣಿಸಿಕೊಂಡಿದೆ. 2025ರಲ್ಲಿ ಬೆಂಗಳೂರಿನಲ್ಲೂ ಕುದುರೆಯೊಂದರಲ್ಲಿ ದೃಢಪಟ್ಟಿತು. 2009ರ ಕೇಂದ್ರ ಕಾಯ್ದೆಯ ಪ್ರಕಾರ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ.

ಈಗ ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಅದರಲ್ಲಿ ಈ ಬ್ಯಾಕ್ಟೀರಿಯಾ ವಿರುದ್ಧದ ಪ್ರತಿಕಾಯಗಳಿವೆಯೇ ಎಂದು ಎಲಿಸಾ ವಿಧಾನದಲ್ಲಿ ನೋಡುತ್ತಾರೆ. ಪಾಸಿಟಿವ್ ಬಂದ ತಕ್ಷಣ ಕುದುರೆಯನ್ನು ಕೊಲ್ಲುವುದಿಲ್ಲ. ಯಾವ ಪರೀಕ್ಷೆಯೂ ನೂರಕ್ಕೆ ನೂರು ಸರಿ ಇರುವುದಿಲ್ಲವಾದ್ದರಿಂದ, ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಬೇರೊಂದು ವಿಧಾನದಿಂದ ಖಚಿತಪಡಿಸಿಕೊಳ್ಳುತ್ತಾರೆ. ದೃಢಪಟ್ಟರೆ ಮಾತ್ರ ದಯಾಮರಣ. ಮಾಲೀಕರಿಗೆ ಸರ್ಕಾರದ ಪರಿಹಾರಕ್ಕೆ ಅವಕಾಶವಿದೆ, ಅದನ್ನು ಕೇಳಿ ಪಡೆಯಬೇಕು.

ಗ್ಲ್ಯಾಂಡರ್ಸ್ ಒಂದೇ ಅಲ್ಲ. ಸ್ಟ್ರ್ಯಾಂಗಲ್ಸ್ ಎಂಬ ಇನ್ನೊಂದು ಉಸಿರಾಟದ ರೋಗವಿದೆ. ಅದರ ಬ್ಯಾಕ್ಟೀರಿಯಾ ಹಿಡಿದವರು ಲೋಫ್ಲರ್ ಅವರ ಜೊತೆಗಾರ ಶ್ಯೂಟ್ಸ್, 1888ರಲ್ಲಿ. ವಾಸಿಯಾದ ಕುದುರೆಗಳಲ್ಲೂ ಕೆಲವು, ಗಂಟಲಿನ ಪಕ್ಕದ ಗಾಳಿಚೀಲದಲ್ಲಿ ಆ ಬ್ಯಾಕ್ಟೀರಿಯಾವನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತವೆ. ಹೊರಗೆ ಯಾವ ಲಕ್ಷಣವೂ ಇರುವುದಿಲ್ಲ. ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಮೂಗಿನ ಮೂಲಕ ಇಳಿಸಿ, ಆ ಚೀಲ ತೊಳೆದ ನೀರನ್ನು ಪಿಸಿಆರ್ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ಕುದುರೆ ಸಾಕುವವರು ಏನು ಮಾಡಬಹುದು?

- ಹೊಸದಾಗಿ ತಂದ ಕುದುರೆಯನ್ನು, ಎಷ್ಟೇ ಚೆನ್ನಾಗಿ ಕಂಡರೂ, ಎರಡು ಮೂರು ವಾರ ಬೇರೆ ಕಟ್ಟಿ. ಬಕೆಟ್, ಮೇವಿನ ಚೀಲ, ಲಗಾಮು ಬೇರೆಯೇ ಇರಲಿ.
- ಜಾತ್ರೆ, ಗಾಡಿ ಓಟ, ಮದುವೆ ಮೆರವಣಿಗೆಗೆ ಹೋದಲ್ಲಿ ಎಲ್ಲ ಕುದುರೆಗಳಿಗೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಸಬೇಡಿ.
- ದೊಡ್ಡ ಕುದುರೆಯ ಮೈಬಿಸಿ ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಇದಕ್ಕಿಂತ ಜಾಸ್ತಿ ಇದ್ದರೆ ಬೇರೆ ಲಕ್ಷಣ ಕಾಣುವವರೆಗೆ ಕಾಯಬೇಡಿ.
- ಮೂಗು ಸೋರುವ, ಹುಣ್ಣಾದ ಕುದುರೆಯನ್ನು ಬರಿಗೈಯಿಂದ ಮುಟ್ಟಬೇಡಿ. ಅಂಗಡಿಯಿಂದ ತಂದ ಔಷಧಿಯನ್ನು ನೀವೇ ಕೊಡಬೇಡಿ.
- ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ಕಾಕಾ ಅವರಿಗೆ ನಾವು ಇದನ್ನೇ ಚಿಕ್ಕದಾಗಿ ಹೇಳಿದೆವು. ಹೊಸ ಸೂಜಿಯಿಂದ ರಕ್ತ ತೆಗೆದರೆ ರೋಗ ಬರುವುದಿಲ್ಲ, ಅನುಮಾನವಿದ್ದರೆ ಸೂಜಿಯ ಪ್ಯಾಕೆಟ್ ಕಣ್ಣೆದುರೇ ಒಡೆಯಲು ಕೇಳಿ ಎಂದೂ ಸೇರಿಸಿದೆವು. ಕುರಿಗಾರರು ಹೋಗದೆ ಉಳಿದರು, ರಕ್ತ ಕೊಟ್ಟರು. ಕೆಲವು ದಿನದ ಮೇಲೆ ವರದಿ ಬಂತು. ರೋಗ ಇರಲಿಲ್ಲ.

ಕಾಕಾ ಮತ್ತೆ ಮೆಸೇಜ್ ಮಾಡಿದರು. ಕುದುರೆ ಚೆನ್ನಾಗಿಯೇ ಇತ್ತಲ್ಲ, ಹಾಗಾದರೆ ಫಾರ್ವರ್ಡ್ ಹೇಳಿದ್ದೇ ಸರಿಯಾಯಿತಲ್ಲ ಎಂದು. ಇಲ್ಲ ಕಾಕಾ. ರೋಗ ಇದ್ದಿದ್ದರೂ ಆ ಕುದುರೆ ನಿಮ್ಮ ಬೇವಿನ ಮರದ ಕೆಳಗೆ ಹಾಗೆಯೇ ಮೇಯುತ್ತ ನಿಂತಿರುತ್ತಿತ್ತು. ಅದು ಚೆನ್ನಾಗಿದೆ ಎಂದು ನಿಮಗೆ ಗೊತ್ತಾದದ್ದು ವರದಿ ಬಂದ ದಿನ. ಆ ದಿನದವರೆಗೆ ನಿಮಗೆ ಗೊತ್ತಿದ್ದದ್ದು ಅದು ಚೆನ್ನಾಗಿ ಕಾಣುತ್ತಿದೆ ಎಂಬುದಷ್ಟೇ.

ನಿಮ್ಮ ಊರಿನ ಗ್ರೂಪಿಗೂ ಆ ಫಾರ್ವರ್ಡ್ ಬಂದಿದ್ದರೆ, ಅದರ ಕೆಳಗೆ ಇದನ್ನೂ ಹಾಕಿ.